ರಣರಂಗದಲ್ಲಿ ಎಸಿ ರೂಮು

ಪುಣೆ ಹತ್ತಿರದ ವಡಗಾಂವ್ ಮಾವಳದ ಯುದ್ಧಭೂಮಿಯಲ್ಲಿ ಒಂದು ರಾತ್ರಿ ಮಲಗೆದ್ದು ಡೊಂಬಿವಲಿಗೆ ವಾಪಸಾಗಿದ್ದೇನೆ. ಗಾಯ ಏನೂ ಆಗಿಲ್ಲ. 6,500 ರೂಪಾಯಿ ಹೋಯಿತು, ಜಿಎಸ್‌ಟಿ ಬೇರೆ.

ತಪ್ಪು ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಿನದು. ಫಾರ್ಮ್‌ಹೌಸಿನ ಜಾಹೀರಾತು ಬಂದದ್ದೇ ಅಲ್ಲಿ. '1779ರಲ್ಲಿ ಇಂಗ್ಲಿಷರು ಮಣಿದ ನೆಲದಲ್ಲಿ ನೀವು ಹಾಯಾಗಿ ಒರಗಿಕೊಳ್ಳಿ!'

ಆ ಕಥೆ ಗೊತ್ತಿರುವುದೇ ಅಲ್ವಾ. ಮರಾಠರ ಪೇಶ್ವೆ ಮನೆತನದ ರಘುನಾಥರಾಯನನ್ನು ಪುಣೆಯ ಗಾದಿಗೆ ಕೂರಿಸುತ್ತೇವೆ ಅಂತ ಕಂಪನಿ ಸೈನ್ಯ ಮುಂಬೈಯಿಂದ ಹೊರಟಿತು. ಜೊತೆಗೆ 19,000 ಎತ್ತು. ಭೋರ್ ಘಾಟ್ ಹತ್ತಿ ಆಮೆಯ ಹಾಗೆ ತೆವಳಿ ತಳೇಗಾಂವ್ ಮುಟ್ಟಿದಾಗ ಜನವರಿ 9. ಓದಿದವರು ನಗುತ್ತಾರೆ. ನಾನು ನಗಲಾರೆ. ಶನಿವಾರ ಬೆಳಿಗ್ಗೆ ಅದೇ ಘಾಟಿನಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಮೂರು ತಾಸು ನಿಂತವನು ನಾನು. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಲೇ ಇದ್ದ. "ಮುಂದೆ ಎತ್ತು ಏನಾದರೂ ಅಡ್ಡ ಬಂದಿದೆಯೇನ್ರೀ?" ಅಂದಳು ನನ್ನವಳು. ಎತ್ತಾಗಿದ್ದರೆ ಲೇನ್ ಬಿಟ್ಟು ನುಗ್ಗುತ್ತಿರಲಿಲ್ಲ ಮಾರಾಯ್ತಿ.

ನಮಗೆ ಸಿಕ್ಕಿದ್ದು 'ಫಾಕ್ಡಾ' ರೂಮು. ಕಂಪನಿ ಸೈನ್ಯದ ಕ್ಯಾಪ್ಟನ್ ಸ್ಟುವರ್ಟ್ ಕಾರ್ಲಾದಲ್ಲಿ ಸತ್ತ ಮೇಲೆ, ಶತ್ರುವಾದರೂ ಎಂಟೆದೆಯವನು ಅಂತ ಮರಾಠರೇ ಅವನನ್ನು ಇಷ್ಟೂರ್ ಫಾಕ್ಡಾ ಅಂದರು. ಅಂಥವನ ರೂಮಿನಲ್ಲಿ ಗೀಸರ್ ಕೆಟ್ಟಿತ್ತು. ಮಾಲೀಕರಿಗೆ ಹೇಳಿದೆ. "ಸಾಹೇಬ್, ಮಾವಳೆ ವೀರರೆಲ್ಲ ತಣ್ಣೀರಲ್ಲೇ ಸ್ನಾನ ಮಾಡುತ್ತಿದ್ದದ್ದು" ಅಂದರು. ಇತಿಹಾಸ ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಓಡಿಹೋಗುವಾಗ ಇಂಗ್ಲಿಷರು ಭಾರದ ತೋಪುಗಳನ್ನು ತಳೇಗಾಂವ್ ಕೆರೆಗೆ ಎಸೆದಿದ್ದರು. ಅದರ ನೆನಪಿಗೆ ಈಜುಕೊಳದ ಅಂಚಲ್ಲಿ ಒಂದು ಫೈಬರ್ ತೋಪು. ಅದರ ಬಾಯಿಂದ ನೀರು ಚಿಮ್ಮುತ್ತದೆ. ಮರಾಠರು ಗೆದ್ದದ್ದು ಶತ್ರುವಿಗೆ ಮೇವು, ನೀರು ಸಿಗದ ಹಾಗೆ ಮಾಡಿ. ಪಾಪ, ತೋಪಿಗೆ ಅದು ಗೊತ್ತಿಲ್ಲ.

ಸಂಜೆ ಟ್ಯಾಂಕರ್ ಬಂತು. ಪೈಪು ಕೊಳಕ್ಕೆ ಇಳಿಯಿತು. ಗೇಟಿನಾಚೆ ಒಬ್ಬ ಮುದುಕಿ, ಪೈಪಿನ ಬುಡದಲ್ಲಿ ಸೋರುತ್ತಿದ್ದ ನೀರಿಗೆ ಕೊಡ ಹಿಡಿದು ಕೂತಿದ್ದಳು. ಕೊಡ ಅರ್ಧ ಆಗುವಷ್ಟರಲ್ಲಿ ಡ್ರೈವರ್ ಬಂದು ವಾಲ್ವ್ ಬಿಗಿ ಮಾಡಿದ.

ಇದೇ ಮಾವಳದಲ್ಲಿ 2011ರ ಆಗಸ್ಟ್ 9ರಂದು ರೈತರು ಎಕ್ಸ್‌ಪ್ರೆಸ್‌ವೇಗೆ ಇಳಿದಿದ್ದರು. ಪವನಾ ಅಣೆಕಟ್ಟಿನ ನೀರನ್ನು ಪೈಪಿನಲ್ಲಿ ಪಿಂಪ್ರಿ-ಚಿಂಚವಡಕ್ಕೆ ಒಯ್ಯಬೇಡಿ ಅಂತ. ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಅವರ ಹೆಸರಿನ ರೂಮು ಯಾವುದು ಅಂತ ಕೇಳಿದೆ. "ಅದೆಲ್ಲ ಯಾಕೆ ಸಾಹೇಬ್, ಗೆಸ್ಟುಗಳಿಗೆ ಮೂಡ್ ಹಾಳಾಗುತ್ತೆ" ಅಂದರು. ಇದರಲ್ಲಿ ತಮಾಷೆ ಮಾಡಲು ನನಗೇನೂ ಸಿಗುತ್ತಿಲ್ಲ. ಎರಡು ಶತಮಾನ ಹಳೆಯ ಹೆಣಕ್ಕೆ ಬಾಡಿಗೆ ಹುಟ್ಟುತ್ತದೆ. ನಮ್ಮ ಕಾಲದಲ್ಲೇ ಬಿದ್ದದ್ದು ಮೂಡ್ ಕೆಡಿಸುತ್ತದೆ. ಸಾಕಾಗಿದೆ.

ಬೆಳಿಗ್ಗೆ ಬಿಲ್ಲಿನಲ್ಲಿ ಎರಡು ಬಾಟಲಿ ನೀರಿಗೆ 120 ರೂಪಾಯಿ ಹಾಕಿದ್ದರು. ಜಗಳ ಆಡಿದೆ, ಕೊನೆಗೆ ಸಹಿ ಹಾಕಿದೆ. ಇಂಗ್ಲಿಷರೂ ಜನವರಿ 16ಕ್ಕೆ ಇದೇ ಊರಲ್ಲಿ ಸಹಿ ಹಾಕಿದವರೇ. ಆದರೆ ಆಮೇಲೆ ಆ ಒಪ್ಪಂದ ನಡೆಯೋದಿಲ್ಲ ಅನ್ನೋದಕ್ಕೆ ಅವರಿಗೆ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಸಾಹೇಬ ಇದ್ದ. ನನಗೆ ಕಲ್ಕತ್ತೆಯಲ್ಲಿ ಯಾರೂ ಇಲ್ಲ.