ಆರು ತಿಂಗಳು ಒಳಗೆ, ಮೂರು ವರ್ಷ ಹೊರಗೆ

2017ರ ಕೊನೆಯಲ್ಲಿ ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೆ. ಒಂದು ದಿನ ಅಕ್ಕಿ ತರೋಕೆ ಹೋದರೆ ಅಂಗಡಿ ಬಾಗಿಲಲ್ಲಿ ಒಬ್ಬರು ಹೆಂಗಸು ರೈಟಿಂಗ್ ಪ್ಯಾಡ್ ಹಿಡಿದು ನಿಂತಿದ್ದರು. ಜಡ್ಜ್ ಆರನ್ ಪರ್ಸ್ಕಿಯನ್ನು ಕುರ್ಚಿಯಿಂದ ಇಳಿಸಬೇಕು, ಸಹಿ ಹಾಕಿ ಅಂದರು. ನನಗೆ ಇಲ್ಲಿ ಓಟಿಲ್ಲಮ್ಮ, ಎಚ್‌-1ಬಿ ಕೆಲಸದ ವೀಸಾ ಮೇಲೆ ಬಂದವನು ಅಂದೆ. ಆದರೂ ಬಿಡದೆ ಹತ್ತು ನಿಮಿಷ ಕಥೆ ಹೇಳಿದರು.

ಕಥೆ ನಿಮಗೂ ನೆನಪಿರಬಹುದು. 2015ರ ಜನವರಿಯಲ್ಲಿ ಸ್ಟ್ಯಾನ್‌ಫೋರ್ಡ್ ಕ್ಯಾಂಪಸ್‌ನಲ್ಲಿ, ಪ್ರಜ್ಞೆ ತಪ್ಪಿ ಬಿದ್ದಿದ್ದ ಹುಡುಗಿಯ ಮೇಲೆ ಬ್ರಾಕ್ ಟರ್ನರ್ ಎಂಬ ಈಜುಗಾರ ಲೈಂಗಿಕ ದೌರ್ಜನ್ಯ ಮಾಡಿದ. ಸೈಕಲ್‌ನಲ್ಲಿ ಹೋಗುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಹಿಡಿದುಹಾಕಿದರು. ಸರ್ಕಾರಿ ವಕೀಲರು ಕೇಳಿದ್ದು 6 ವರ್ಷ. ಜಡ್ಜ್ ಕೊಟ್ಟಿದ್ದು 3 ವರ್ಷದ ಪ್ರೊಬೇಷನ್, ಅದರ ಜೊತೆ 6 ತಿಂಗಳು ಕೌಂಟಿ, ಅಂದರೆ ಅಲ್ಲಿನ ಜಿಲ್ಲಾ ಜೈಲು. ಅವನು ಕಂಬಿ ಎಣಿಸಿದ್ದು ಬರೀ 3 ತಿಂಗಳು. 2018ರ ಜೂನ್‌ನಲ್ಲಿ ಜನ ಓಟು ಹಾಕಿ ಜಡ್ಜನ್ನೇ ಮನೆಗೆ ಕಳಿಸಿದರು.

ಪ್ರೊಬೇಷನ್ ಅಂದರೆ ಜೈಲಿಗೆ ಹಾಕದೆ ಬಿಡೋದು ಅಲ್ವಾ, ಮಧ್ಯೆ ಜೈಲು ಎಲ್ಲಿಂದ ಬಂತು ಅಂತ ಆಗ ನನಗೆ ಅರ್ಥವೇ ಆಗಿರಲಿಲ್ಲ. ಅಲ್ಲಿ ಜೈಲೂ ಒಂದು ಷರತ್ತು. ಆಫೀಸರ್ ಮುಂದೆ ಹಾಜರಾಗು, ಮತ್ತೆ ತಪ್ಪು ಮಾಡಬೇಡ ಅನ್ನೋ ಸಾಲಿನಲ್ಲೇ, ಒಂದು ವರ್ಷದವರೆಗೆ ಜೈಲಲ್ಲಿರು ಅಂತಲೂ ಬರೆಯಬಹುದು. ಓಹಾಯೋ ರಾಜ್ಯದಲ್ಲಂತೂ 1965ರಲ್ಲೇ 'ಶಾಕ್ ಪ್ರೊಬೇಷನ್' ಅಂತ ತಂದಿದ್ದರು. ಸ್ವಲ್ಪ ದಿನ ಒಳಗಿಟ್ಟು, ಹೆದರಿಸಿ, ಆಮೇಲೆ ಬಿಡೋದು. ನಮ್ಮ ಅಜ್ಜಂದಿರು ಹೇಳುತ್ತಿದ್ದ 'ನಾಲ್ಕು ದಿನ ಮುದ್ದೆ ಮುರೀಲಿ, ಬುದ್ಧಿ ಬರುತ್ತೆ' ಅನ್ನೋದೇ.

ನನಗೆ ಈ ಬೆರಕೆಯೇ ಸರಿ ಕಾಣೋದಿಲ್ಲ. ಟರ್ನರ್‌ನಂಥವನಿಗೆ ಇದು ಡಿಸ್ಕೌಂಟು. ಹೊರಗೆ ಬಂದರೆ ಅಪ್ಪನ ಮನೆ ಇದೆ, ಊಟ ಇದೆ. ಅದೇ, ಹೋಟೆಲಲ್ಲಿ ಪಾತ್ರೆ ತೊಳೆಯೋ ಹುಡುಗನನ್ನು ಚಿಲ್ಲರೆ ಕೇಸಿಗೆ ಮೂರು ತಿಂಗಳು ಒಳಗಿಟ್ಟರೆ ಕೆಲಸ ಹೋಯಿತು, ಬಾಡಿಗೆ ಕಟ್ಟದೆ ರೂಮೂ ಹೋಯಿತು. ಆಮೇಲೆ ಬಿಟ್ಟು, ಕೆಲಸ ಹುಡುಕಿಕೊಂಡು ನೆಟ್ಟಗೆ ಬಾಳು ಅಂದರೆ ಹೆಂಗೆ? ಟರ್ನರ್ ಕೇಸಾದ ಮೇಲೆ, ಪ್ರಜ್ಞೆ ಇಲ್ಲದವರ ಮೇಲಿನ ಇಂಥ ಅಪರಾಧಕ್ಕೆ ಪ್ರೊಬೇಷನ್ನೇ ಇಲ್ಲ ಅಂತ 2016ರಲ್ಲೇ ಕಾನೂನು ಮಾಡಿದರು. ಅದು ನನಗೆ ಒಪ್ಪಿಗೆ. ದೊಡ್ಡ ತಪ್ಪಾದರೆ ಜೈಲು ಅಂತ ನೇರವಾಗಿ ಹೇಳಿ. ಇಲ್ಲವಾದರೆ ಪೂರ್ತಿ ಹೊರಗಿಟ್ಟು ನಿಗಾ ಇಡಿ.

ನಮ್ಮ ದೇಶದ ಕಾಯ್ದೆ ಈ ವಿಷಯದಲ್ಲಿ ಎಷ್ಟೋ ವಾಸಿ. 1958ರ ಪ್ರೊಬೇಷನ್ ಕಾಯ್ದೆ ಪ್ರಕಾರ, ಶಿಕ್ಷೆ ಹೇಳುವ ಬದಲು ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು, ಮುಚ್ಚಳಿಕೆ ಅವಧಿ ಜಾಸ್ತಿ ಅಂದರೆ 3 ವರ್ಷ. ಜೀವಾವಧಿ ಬೀಳುವಂಥ ಕೇಸಲ್ಲದಿದ್ದರೆ, 21 ತುಂಬದವರನ್ನು ಜೈಲಿಗೆ ಕಳಿಸೋಕೆ ಜಡ್ಜ್ ಕಾರಣ ಬರೆಯಲೇಬೇಕು. ಜೈಲಿನ ಷರತ್ತು ಇಲ್ಲವೇ ಇಲ್ಲ.

ಆದರೆ ಷರತ್ತೇ ಇಲ್ಲದೆ ಜೈಲು ಮೊದಲೇ ಮುಗಿದಿರುತ್ತದೆ, ಅದೇ ತಮಾಷೆ. ನಮ್ಮ ಜೈಲುಗಳಲ್ಲಿ ಇರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ತೀರ್ಪು ಬರೋ ಹೊತ್ತಿಗೆ 'ಈಗಾಗಲೇ ಅನುಭವಿಸಿದ ಅವಧಿಯೇ ಶಿಕ್ಷೆ' ಅಂತ ಬರೆದು ಮುಗಿಸೋದೂ ಉಂಟು.

ನಮ್ಮ ಬೀದಿಯ ಒಬ್ಬ ಹುಡುಗ, ಆಗ ಇಪ್ಪತ್ತು ವರ್ಷ, ಮೊಬೈಲ್ ಕದ್ದು ಸಿಕ್ಕಿಬಿದ್ದ. ಜಾಮೀನೇನೋ ಆಯಿತು, ಆದರೆ ಪಹಣಿ ಹಿಡಿದು ಬಂದು ನಿಲ್ಲೋರು ಯಾರೂ ಸಿಗದೆ ನಾಲ್ಕು ತಿಂಗಳು ಒಳಗೇ ಇದ್ದ. ಕೊನೆಗೆ ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಅಷ್ಟರಲ್ಲಿ ಗ್ಯಾರೇಜಿನವರು ಅವನ ಜಾಗಕ್ಕೆ ಬೇರೆ ಹುಡುಗನನ್ನು ಇಟ್ಟುಕೊಂಡಿದ್ದರು. ಮೊನ್ನೆ ಟೀ ಅಂಗಡಿ ಹತ್ತಿರ ಸಿಕ್ಕಿ, 'ಎಲ್ಲಾದ್ರೂ ಕೆಲಸ ಇದ್ರೆ ಹೇಳಿ ಅಣ್ಣಾ, ಕೇಸ್ ವಿಷಯ ಮಾತ್ರ ಎತ್ತಬೇಡಿ' ಅಂದ.