ಕಡಲಿನ ಮೊದಲ ತೈಲಬಾವಿ 1947ರದ್ದಲ್ಲ

‘ಸಮುದ್ರದಲ್ಲಿ ತೈಲಬಾವಿ ಕೊರೆದದ್ದು 1947ರಲ್ಲಿ, ಅಮೆರಿಕದ ಲೂಯಿಸಿಯಾನದ ಕಡಲಲ್ಲಿ; ಜಗತ್ತಿನಲ್ಲೇ ಅದು ಮೊದಲು’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ, ಅರ್ಧ ಸತ್ಯವನ್ನು ತಿದ್ದುವುದೇ ಹೆಚ್ಚು ಕಷ್ಟ.

ಅದಕ್ಕೆ ಸುಮಾರು ಐವತ್ತು ವರ್ಷ ಮೊದಲೇ, 1890ರ ದಶಕದ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದ ಸಮ್ಮರ್‌ಲ್ಯಾಂಡ್ ಎಂಬ ಊರಿನಲ್ಲಿ ಜನ ಕಡಲಿಗಿಳಿದಿದ್ದರು. ದಡದ ಬಾವಿಗಳಲ್ಲಿ ನೀರಿನತ್ತ ಹೋದಷ್ಟೂ ಎಣ್ಣೆ ಚೆನ್ನಾಗಿ ಸಿಗುತ್ತಿತ್ತು. ಹಾಗಾಗಿ ದಡದಿಂದಲೇ ಮರದ ಅಟ್ಟಣೆಗಳನ್ನು ಅಲೆಗಳ ಮೇಲೆ ಚಾಚಿ, ಅವುಗಳ ಮೇಲೆ ಕೊರೆಯುವ ಗೋಪುರಗಳನ್ನು ನಿಲ್ಲಿಸಿದರು. ಸರಳ ಉಪಾಯ, ಆದರೆ ಕೆಳಗಿದ್ದದ್ದು ಕಡಲೇ. 1938ರಲ್ಲಿ ಮೆಕ್ಸಿಕೋ ಕೊಲ್ಲಿಯ ಕ್ರಿಯೋಲ್ ತೈಲಕ್ಷೇತ್ರದಲ್ಲಿ ದಡಕ್ಕೆ ಅಂಟದ ವೇದಿಕೆಯೂ ಬಂತು. ಅದು ತೀರದಿಂದ ಎರಡೂವರೆ ಕಿಲೋಮೀಟರ್ ಒಳಗೆ.

ಹಾಗಾದರೆ 1947ರಲ್ಲಿ ಲೂಯಿಸಿಯಾನದ ಕಡಲಲ್ಲಿ ಕೆರ್-ಮೆಕ್‌ಗೀ ಕಂಪನಿ ಕೊರೆದ ಆ ಬಾವಿಯ ಹೆಗ್ಗಳಿಕೆಯೇನು? ದಡ ಕಣ್ಣಿಗೆ ಕಾಣದಷ್ಟು ದೂರದಲ್ಲಿ, ಸುಮಾರು 17 ಕಿಲೋಮೀಟರ್ ಒಳಗೆ, ಎಣ್ಣೆ ಕೊಟ್ಟ ಮೊದಲ ಬಾವಿ ಅದು. ತಮಾಷೆಯೆಂದರೆ ಅಲ್ಲಿ ನೀರಿನ ಆಳ ಬರೀ ಆರು ಮೀಟರ್ ಆಸುಪಾಸು. ವೇದಿಕೆ ಚಿಕ್ಕದಾದ್ದರಿಂದ ಯುದ್ಧಾನಂತರ ಉಳಿದ ನೌಕಾಪಡೆಯ ದೋಣಿಯೊಂದನ್ನು ಪಕ್ಕದಲ್ಲಿ ಕಟ್ಟಿ, ಸಾಮಗ್ರಿಯನ್ನೆಲ್ಲ ಅದರಲ್ಲಿಟ್ಟಿದ್ದರು.

ನಮ್ಮಲ್ಲೂ ಇಂಥದೇ ಗೊಂದಲವಿದೆ: ಕಡಲಲ್ಲಿ ಮೊದಲು ಕೊರೆದದ್ದು ಮುಂಬೈ ಕಡಲಿನ ತೈಲಕ್ಷೇತ್ರವಾದ ಬಾಂಬೆ ಹೈನಲ್ಲಿ ಎಂದು. ‘ಸಾಗರ ಸಾಮ್ರಾಟ್’ ಎಂಬ ಕೊರೆಯುವ ವೇದಿಕೆ ಅಲ್ಲಿ ತೈಲ ಕಂಡದ್ದು 1974ರಲ್ಲಿ, ನಿಜ. ಆದರೆ ಸರ್ಕಾರಿ ತೈಲ ಸಂಸ್ಥೆ ಒಎನ್‌ಜಿಸಿ ಕಡಲಲ್ಲಿ ಮೊದಲು ಕೊರೆದದ್ದು 1970ರಲ್ಲಿ, ಗುಜರಾತಿನ ಖಂಭಾತ್ ಕೊಲ್ಲಿಯ ಅಲಿಯಾಬೆಟ್‌ನಲ್ಲಿ.