ಬಂದೂಕಿಗಿಂತ ಮೊದಲಿನ ಪ್ರವಚನ

ಕೆವಿನ್ ಸ್ಮಿತ್ ಅವರ 'ರೆಡ್ ಸ್ಟೇಟ್' (2011) ಸಿನಿಮಾ ಬಗ್ಗೆ ಜಾಸ್ತಿ ಕೇಳಿಬರುವ ದೂರು, ನಡುವಿನ ಪ್ರವಚನ ವಿಪರೀತ ಉದ್ದ ಅನ್ನೋದು. ಮೊನ್ನೆ ಪುಣೆಯಲ್ಲಿ ನಾವು ಕನ್ನಡದ ಗೆಳೆಯರು ಒಟ್ಟಿಗೆ ನೋಡಿದಾಗಲೂ ಅದೇ ಮಾತು ಬಂತು. ನಾನಂತೂ ಒಪ್ಪುವುದಿಲ್ಲ. ಸಿನಿಮಾದ ಜೀವವೇ ಅಲ್ಲಿದೆ.

ಒಂದು ಸಣ್ಣ ಚರ್ಚು. ಭಕ್ತರು ಬಹುತೇಕ ಒಂದೇ ಮನೆಯವರು. ಪಾದ್ರಿ ಏಬಿನ್ ಕೂಪರ್ ಆಗಿ ಮೈಕೆಲ್ ಪಾರ್ಕ್ಸ್. ನಗುತ್ತಾನೆ, ಹಾಡುತ್ತಾನೆ, ಮೊಮ್ಮಕ್ಕಳನ್ನು ಕೂರಿಸಿಕೊಂಡ ಅಜ್ಜನ ಹಾಗೆ ಅಕ್ಕರೆಯಿಂದ ಮಾತಾಡುತ್ತಾನೆ. ಎದುರಿಗಿದ್ದವರು ತಲೆದೂಗುತ್ತಾರೆ, ಆಮೆನ್ ಅನ್ನುತ್ತಾರೆ. ಅಲ್ಲೇ ಶಿಲುಬೆಗೆ ಒಬ್ಬ ಮನುಷ್ಯನನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿದ್ದಾರೆ. ಅವನು ಗೇ, ಅದೇ ಅವನ ತಪ್ಪು. ಕೊಲ್ಲುವ ಮುಂಚೆ ಮಕ್ಕಳನ್ನು ಹೊರಗೆ ಕಳಿಸುತ್ತಾರೆ. ಮಕ್ಕಳು ನೋಡಬಾರದ ಕೆಲಸ ಅಂತ ಗೊತ್ತಿದೆ, ಅಲ್ವಾ? ಆದರೂ ಒಬ್ಬರೂ ಎದ್ದು ಹೋಗುವುದಿಲ್ಲ. ನನಗೆ ನಿಜವಾಗಿ ಭಯವಾಗಿದ್ದು ಇಲ್ಲೇ.

ಕೂಪರ್ ಪಾತ್ರಕ್ಕೆ ಪ್ರೇರಣೆ ಕಾನ್ಸಸ್‌ನ ವೆಸ್ಟ್‌ಬರೋ ಚರ್ಚಿನ ಫ್ರೆಡ್ ಫೆಲ್ಪ್ಸ್. ಸೈನಿಕರ ಅಂತ್ಯಸಂಸ್ಕಾರದ ಹತ್ತಿರ ದ್ವೇಷದ ಫಲಕ ಹಿಡಿದು ನಿಲ್ಲುತ್ತಿದ್ದ ಗುಂಪು ಅದು. ಅವರು ಬಂದೂಕು ಹಿಡಿದವರಲ್ಲ, ಆ ಕಲ್ಪನೆ ಸಿನಿಮಾದ್ದು.

ಆಮೇಲೆ ಗುಂಡಿನ ಕಾಳಗ. ಚರ್ಚನ್ನು ಸುತ್ತುವರಿದ ಅಧಿಕಾರಿಗೆ (ಜಾನ್ ಗುಡ್‌ಮನ್) ಫೋನಿನಲ್ಲಿ ಆದೇಶ ಬರುತ್ತದೆ: ಒಳಗಿನ ಯಾರೂ ಉಳಿಯಬಾರದು. ಮನಸ್ಸು ಒಪ್ಪದಿದ್ದರೂ ಅವನು ಪಾಲಿಸುತ್ತಾನೆ. ಈ ಭಾಗ ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಆದರೆ ಪುಣೆಯಲ್ಲಿ ಕೂತು ಇದನ್ನು ಸುಮ್ನೆ ಅಮೆರಿಕದ ಕಥೆ ಅಂತ ನೋಡೋಕಾಗಲ್ಲ. 2013ರ ಆಗಸ್ಟ್ 20ರಂದು ಓಂಕಾರೇಶ್ವರ ದೇವಸ್ಥಾನದ ಹತ್ತಿರದ ಸೇತುವೆಯ ಮೇಲೆ, ಬೆಳಗಿನ ವಾಕಿಂಗ್‌ಗೆ ಹೊರಟಿದ್ದ, ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. 2015ರಲ್ಲಿ ಧಾರವಾಡದ ಮನೆ ಬಾಗಿಲಲ್ಲೇ ನಮ್ಮ ಕಲಬುರ್ಗಿ ಮೇಷ್ಟ್ರು. 2017ರಲ್ಲಿ ಬೆಂಗಳೂರಲ್ಲಿ ಗೌರಿ ಲಂಕೇಶ್. ಈ ಹೆಸರುಗಳನ್ನು ಒಟ್ಟಿಗೆ ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದಾಭೋಲ್ಕರ್ ಪ್ರಕರಣದಲ್ಲಿ ಪುಣೆ ಕೋರ್ಟು 2024ರ ಮೇನಲ್ಲಿ ತೀರ್ಪು ಕೊಟ್ಟಿತು. ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ, ಉಳಿದ ಮೂವರ ಖುಲಾಸೆ. ಮುಖ್ಯ ಸೂತ್ರಧಾರರು ಬೇರೆಯೇ ಇದ್ದಾರೆ, ತನಿಖೆ ಅವರನ್ನು ಮುಟ್ಟಲಿಲ್ಲ ಅಂತ ಕೋರ್ಟೇ ಹೇಳಿತು. ಆ ಹುಡುಗರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದವರು ಯಾರು? ಎಷ್ಟು ದಿನ ಮಾತಾಡಿದರು, ಎಷ್ಟು ಪ್ರೀತಿಯಿಂದ ಮಾತಾಡಿದರು? ಆಗ ಪಕ್ಕದಲ್ಲಿ ಕೂತು ತಲೆದೂಗಿದವರು ಎಷ್ಟು ಜನ?